ನೋಡಿ ಬಂದು ಹೇಳಬೇಕು

ಲಾಡ್ಜಿನ ಮಾವನ ಕಣ್ಣು ಮೊದಲು ಬೀಳುತ್ತಿದ್ದುದು ಬಂದವರ ಕಾಲಿನ ಮೇಲೆ. ಮೇಜಿನ ಹಿಂದಿನಿಂದ ಅರ್ಧ ಎದ್ದು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಚಪ್ಪಲಿಯೋ ಬೂಟೋ, ಹಿಮ್ಮಡಿ ಸವೆದಿದೆಯೋ ಇಲ್ಲವೋ ಎಂದು ನೋಡಿ, ಆಮೇಲೆ ಮುಖ ನೋಡುತ್ತಿದ್ದರು. ಅಷ್ಟು ಏಳುವುದಕ್ಕೇ ಅವರಿಗೆ ಉಸಿರು ಸಾಲುತ್ತಿರಲಿಲ್ಲ. ಎದೆಯೊಳಗಿಂದ ಸಣ್ಣಗೆ ಸಿಳ್ಳೆ ಹೊಡೆದಂಥ ಸದ್ದು ಬರುತ್ತಿತ್ತು. ಅದು ನಿಲ್ಲುವ ತನಕ ಕೈ ಎತ್ತಿ, ತಡೆಯಿರಿ ಎಂದು ಸನ್ನೆ ಮಾಡುತ್ತಿದ್ದರು.

ನಾನು ಕಂಪ್ಲಿಯವನು. ಔಷಧ ಕಂಪನಿಯೊಂದರ ರೆಪ್. ಹೊಸಪೇಟೆ, ಕಂಪ್ಲಿ, ಸಂಡೂರಿನ ಡಾಕ್ಟರುಗಳ ಮುಂದೆ ನಿಂತು ಎರಡು ನಿಮಿಷದಲ್ಲಿ ಮಾತ್ರೆಯ ಗುಣಗಾನ ಮಾಡುವುದು ನನ್ನ ಹೊಟ್ಟೆಪಾಡು. ಕೇಳುವವರ ಮುಖ ನೋಡಿ ಅವರಿಗೆ ಹಿತವಾಗುವಂತೆ ಮಾತಾಡುವುದು ನನಗೆ ಬೇಗ ರೂಢಿಯಾಯಿತು. ಸಂಡೂರಿನಲ್ಲಿ ಡಾಕ್ಟರುಗಳು ರೋಗಿಗಳೆಲ್ಲ ಮುಗಿದ ಮೇಲೆ, ಮಧ್ಯಾಹ್ನ ಕಳೆದು ನಮ್ಮನ್ನು ಒಳಗೆ ಬಿಡುತ್ತಿದ್ದರು. ಹಾಗಾಗಿ ತಿಂಗಳಿಗೆ ಎರಡು ಸಲ, ಎರಡೆರಡು ದಿನ ಅಲ್ಲೇ ಉಳಿಯಬೇಕಾಗಿತ್ತು. ಬೆಳಗಿನ ಹೊತ್ತೆಲ್ಲ ಖಾಲಿ. ಗದ್ದೆಯ ಊರಿನವನಾದ ನನಗೆ ಎತ್ತರ ಎಂದರೆ ಕಾಲುವೆಯ ಏರಿ. ಸುತ್ತ ನಿಂತ ಆ ಗುಡ್ಡಗಳನ್ನು ಏನು ಮಾಡಬೇಕು ಎಂದೇ ನನಗೆ ಗೊತ್ತಿರಲಿಲ್ಲ.

ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರದ ಆ ಲಾಡ್ಜಿಗೆ ಇದ್ದದ್ದು ಎಂಟು ಕೋಣೆ. ಮಾವ ಅದರ ಮ್ಯಾನೇಜರು. ಮೊದಲ ದಿನ ನನ್ನ ಕಾಲು ನೋಡಿ, ಸಿಳ್ಳೆ ನಿಂತ ಮೇಲೆ, "ಬೂಟು ಮಸ್ತ್ ಅದಾವ್ರಿ ಸಾರ್. ಆದ್ರ ಗುಡ್ಡಕ್ಕ ನಡಿಯಂಗಿಲ್ಲ" ಎಂದರು. ಗೋಡೆಯ ಕ್ಯಾಲೆಂಡರಿನಿಂದ ಹಿಂದಿನ ದಿನದ ಹಾಳೆ ಹರಿದರು. ಅದರ ಬೆನ್ನಿಗೆ ನೀಲಿ ಶಾಯಿಯಲ್ಲಿ ಗುಂಡು ಗುಂಡಾಗಿ ಬರೆದು ಕೀಲಿಯ ಜೊತೆ ಕೈಗಿಟ್ಟರು. 'ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನುವುದು. ಎರಡನೇ ಪ್ಲೇಟು ಬೇಡ. ನಾರಿಹಳ್ಳದ ಡ್ಯಾಮಿಗೆ ಹೋಗಿ ಬಿಸಿಲಿಗೆ ಬೆನ್ನು ಮಾಡಿ ಕೂರುವುದು. ಫೋಟೋ ಹೊಡೆಯುವ ಮೊದಲು ಇಪ್ಪತ್ತರವರೆಗೆ ಎಣಿಸುವುದು.'

ಊರು ನೋಡಲು ಬಂದ ಎಲ್ಲರಿಗೂ ಇಂಥದೊಂದು ಹಾಳೆ ಸಿಗುತ್ತಿತ್ತು. ಒಬ್ಬರದಿದ್ದಂತೆ ಇನ್ನೊಬ್ಬರದು ಇರುತ್ತಿರಲಿಲ್ಲ. ಹೊಸದಾಗಿ ಮದುವೆಯಾದವರಿಗೆ, 'ಇಬ್ಬರಿಗೂ ಸೇರಿ ಒಂದೇ ಫೋನು ಒಯ್ಯುವುದು' ಎಂದು ಬರೆದದ್ದನ್ನು ನಾನೇ ನೋಡಿದ್ದೇನೆ. ಕಾರಿನಲ್ಲಿ ಬಂದವರಿಗೆ, ಎರಡು ಗುಡ್ಡಗಳ ನಡುವೆ ಇರುಕಾಗಿ ರಸ್ತೆ ನುಗ್ಗುವ ಗಂಡಿಯಲ್ಲಿ ಇಳಿದು ನಡೆದೇ ದಾಟಬೇಕೆಂಬ ಅಪ್ಪಣೆ. ಲಂಬಾಣಿ ಹೆಣ್ಣುಮಕ್ಕಳ ಕಸೂತಿ ನೋಡಲು ಹೊರಟವರಿಗೆ, 'ಆಕೆ ಸೂಜಿಯಿಂದ ತಲೆ ಎತ್ತುವ ತನಕ ರೇಟು ಕೇಳಬಾರದು' ಎಂಬ ಎಚ್ಚರಿಕೆ. ಮೊಣಕಾಲು ನೋವಿನ ಹಿರಿಯರಿಗೆ ಒಂದೇ ಸಾಲು, 'ಕಟ್ಟೆಯ ಮೇಲೆ ಕೂತು ಗುಡ್ಡದ ಮೇಲೆ ಮೋಡದ ನೆರಳು ಹೋಗುವುದನ್ನು ನೋಡುವುದು.' ನಾನು ನಕ್ಕು ಹಾಳೆಯನ್ನು ಜೇಬಿಗೆ ತುರುಕಿ ಹೋಗುತ್ತಿದ್ದೆ. ಆದರೂ ಅದರಲ್ಲಿದ್ದದ್ದನ್ನು ಮಾಡುತ್ತಿದ್ದೆ, ಬೇರೆ ಕೆಲಸವಾದರೂ ಏನಿತ್ತು?

ಇದಕ್ಕೆಲ್ಲ ಅವರದು ಒಂದೇ ಷರತ್ತು. ಕೀಲಿ ವಾಪಸು ಕೊಡುವಾಗ ಬೆಂಚಿನ ಮೇಲೆ ಕೂತು, ನೋಡಿದ್ದನ್ನು ಹೇಳಿ ಹೋಗಬೇಕು. "ಜಲ್ದಿ ಮಾಡಬ್ಯಾಡ್ರಿ, ಕುಂದ್ರಿ. ಏನ್ ಕಂಡ್ರಿ?" ಎಂದು ಶುರು ಮಾಡಿದರೆ ಪ್ರಶ್ನೆ ಮುಗಿಯುತ್ತಿರಲಿಲ್ಲ. ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಹುಲ್ಲು ಮೊಣಕಾಲಿಗೆ ಬಂದಿದೆಯೋ ಸೊಂಟಕ್ಕೋ, ನವಿಲು ಕೂಗಿದ್ದು ಕೇಳಿತೋ. ಎಷ್ಟೋ ಜನ ಬಸ್ಸು ತಪ್ಪುತ್ತದೆಂದು ಚಡಪಡಿಸುತ್ತಿದ್ದರು. ನನಗೂ ಮೊದಮೊದಲು ಇದು ಮುದುಕರ ಹರಟೆಯ ಚಟ ಎನಿಸಿತ್ತು.

ನಾಲ್ಕನೆಯದೋ ಐದನೆಯದೋ ಸಲ ಹೋದಾಗ ಕಾರಣ ತಿಳಿಯಿತು. ಅಷ್ಟರಲ್ಲಿ ನಾನು ಅವರಿಗೆ ಸಾರ್ ಹೋಗಿ ತಮ್ಮಾ ಆಗಿದ್ದೆ, ಅವರು ನನಗೆ ಮಾವ ಆಗಿದ್ದರು. ಪ್ರಾಯದಲ್ಲಿ ಅವರು ಗುಡ್ಡದ ಮೇಲೆ ಗಣಿಯಲ್ಲಿ ಕಲ್ಲಿಗೆ ತೂತು ಕೊರೆಯುವ ಕೆಲಸದಲ್ಲಿದ್ದರು. ವರ್ಷಗಟ್ಟಲೆ ಕುಡಿದ ಧೂಳು ಎದೆಯಲ್ಲಿ ಕೂತುಬಿಟ್ಟಿತು. ಇನ್ನು ಗುಡ್ಡ ಏರುವ ಮಾತೇ ಬೇಡ ಎಂದು ಬಳ್ಳಾರಿಯ ಡಾಕ್ಟರು ಹೇಳಿದ ಮೇಲೆ ಕೆಳಗಿಳಿದು ಈ ಮೇಜಿನ ಹಿಂದೆ ಕೂತವರು, ಮತ್ತೆ ಮೇಲೆ ಹೋಗಿರಲಿಲ್ಲ. "ಕಣ್ಣ ಮುಂದ ಐತಿ ತಮ್ಮಾ, ದಿನಾ ಕಾಣ್ತೈತಿ. ಆದ್ರ ಹೋಗಾಕ ಬರಂಗಿಲ್ಲ. ಅದಕ್ಕ ನಿಮ್ಮ ಕಾಲು ಇಸ್ಕೊಂತೀನಿ" ಎಂದು ನಕ್ಕರು. ಆ ನಗು ಸಿಳ್ಳೆಯಾಗಿ, ಕೆಮ್ಮಾಗಿ ಮುಗಿಯಿತು.

ಆವತ್ತು ಅವರು ನನ್ನ ಹಾಳೆಯಲ್ಲಿ ಗಿಣಿಬಂಡೆ ಎಂದು ಬರೆದರು. ಊರಿನ ಹಿಂದಿನ ಗುಡ್ಡದ ನೆತ್ತಿಯ ಹತ್ತಿರ ಗಿಣಿಯ ಕೊಕ್ಕಿನಂತೆ ಬಾಗಿದ ಒಂದು ಬಂಡೆ. ಅದರ ಬುಡದಲ್ಲಿ ಒಂದು ಒರತಿ ಇತ್ತಂತೆ. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಇವರು ಮತ್ತು ಜೊತೆಗಾರರು ಆ ನೀರು ಕುಡಿಯುತ್ತಿದ್ದರು. ಬೇಸಿಗೆಯಲ್ಲಿ ಕಲ್ಲು ಸರಿಸಿ, ಕೈಯಿಂದ ಮಣ್ಣು ತೋಡಿ ಅದನ್ನು ಕಾಪಾಡಿದವರೂ ಅವರೇ. ಇಷ್ಟು ವರ್ಷ ಯಾರನ್ನು ಕಳಿಸಿದರೂ ಬಂಡೆಯ ಮೇಲೆ ಹತ್ತಿ ಫೋಟೋ ಹೊಡೆದು ಬಂದರೇ ಹೊರತು ಬುಡದ ಕಡೆ ನೋಡಿದವರಿಲ್ಲ. "ನೀನಾದ್ರೂ ಬುಡಕ್ಕ ಹೋಗಿ ನೋಡು" ಎಂದರು.

ನಾನು ಹೊರಟದ್ದೇನೋ ನಿಜ. ಅರ್ಧ ಗುಡ್ಡ ಏರುವಷ್ಟರಲ್ಲಿ ಬೂಟು ಹಿಮ್ಮಡಿಯನ್ನು ಕಚ್ಚಿ ಗುಳ್ಳೆ ಎಬ್ಬಿಸಿತು. ಒಂದು ಗಿಡದ ನೆರಳಿಗೆ ಕೂತೆ, ಫೋನು ತೆಗೆದೆ, ಒಂದು ತಾಸು ಹೋದದ್ದೇ ತಿಳಿಯಲಿಲ್ಲ. ಡಾಕ್ಟರ ಹೊತ್ತಾಯಿತೆಂದು ಇಳಿದುಬಿಟ್ಟೆ. ಸಂಜೆ ಕೀಲಿ ಕೊಡುವಾಗ ಮಾವ ಮಾಮೂಲಿನಂತೆ ಕಾಲು ನೋಡಲಿಲ್ಲ, ನೆಟ್ಟಗೆ ಮುಖ ನೋಡಿದರು.

"ಒರತ್ಯಾಗ ನೀರೈತೇನೋ ತಮ್ಮಾ?"

ಆ ಮುಖದಲ್ಲಿ ಏನು ಕೇಳಲು ಆಸೆ ಇದೆಯೆಂದು ನನಗೆ ಕಂಡಿತು. ಕಂಡದ್ದೇ ತಡ, ನಾಲಿಗೆ ತನ್ನ ಕೆಲಸ ಮಾಡಿತು. "ಐತಿ ಮಾವ. ತಣ್ಣಗ, ತಿಳಿಯಾಗಿ ಐತಿ. ಎರಡು ಬೊಗಸಿ ಕುಡಿದೆ" ಎಂದೆ. ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಕಣ್ಣು ಒರೆಸಿಕೊಂಡರು. ಬೇರೆ ಒಂದೂ ಪ್ರಶ್ನೆ ಕೇಳಲಿಲ್ಲ. ಒಬ್ಬ ಮುದುಕನನ್ನು ಖುಷಿಪಡಿಸಿದೆ ಎಂದು ನಾನು ಹೊಸಪೇಟೆಯ ಬಸ್ಸಿನಲ್ಲಿ ಸುಖವಾಗಿ ನಿದ್ದೆ ಮಾಡಿದೆ. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಮುಂದಿನ ಸಲ ಹೋದಾಗ ಮಾವ ಮೇಜಿನ ಹಿಂದಿನಿಂದ ಏಳಲೇ ಇಲ್ಲ. ನಡೆದದ್ದನ್ನು ಕೋಣೆ ಗುಡಿಸುವ ಅಕ್ಕ ಹೇಳಿದರು. ಮಾವ ಆಮೇಲೆ ಬಂದವರ ಹಾಳೆಗಳಲ್ಲಿ, 'ನೀರು ಹೊರುವುದು ಬೇಡ, ಗಿಣಿಬಂಡೆಯ ಬುಡದಲ್ಲಿ ಒಳ್ಳೆಯ ನೀರಿದೆ' ಎಂದು ಬರೆದುಕೊಟ್ಟಿದ್ದರು. ಅದನ್ನು ನಂಬಿ ಗಂಡ ಹೆಂಡತಿ ಇಬ್ಬರು ಏಪ್ರಿಲ್ ಬಿಸಿಲಿನಲ್ಲಿ ಬರಿಗೈಯಲ್ಲಿ ಮೇಲೆ ಹೋಗಿದ್ದರು. ಅಲ್ಲಿ ಇದ್ದದ್ದು ಒಡೆದ ಒಣಮಣ್ಣು. ಇಳಿಯುವಾಗ ಆ ಹೆಣ್ಣುಮಗಳು ತಲೆ ತಿರುಗಿ ಬಿದ್ದಿದ್ದಳು. ಕುರಿ ಕಾಯುವವರು ತಮ್ಮ ನೀರು ಕುಡಿಸಿ, ಹಿಡಿದುಕೊಂಡು ಕೆಳಗೆ ತಂದಿದ್ದರು.

ನಾನು ಬೆಂಚಿನ ತುದಿಗೆ ಕೂತೆ.

"ನೀ ಮ್ಯಾಲ ಹೋಗಿದ್ದಿಲ್ಲ" ಎಂದರು ಮಾವ.

"ಇಲ್ಲ ಮಾವ. ತಪ್ಪಾತು."

"ಆ ಹೆಣ್ಣುಮಗಳು ಆರಾಮ ಆದ್ಲು. ಅವ್ರ ಕಾಲಿಗೆ ಬೀಳೋದು ಬಿದ್ದೆ ನಾನು. ಅದು ಮುಗೀತು." ಸಿಳ್ಳೆ ನಿಲ್ಲಲಿ ಎಂದು ಕಾದರು. "ಆದ್ರ ಲೇ ತಮ್ಮಾ, ದಿನಾ ಇಲ್ಲಿ ಕುಂತ್ಕಂಡು ಆ ನೀರು ಕುಡಿದೆ ನಾನು. ನನ್ನ ಜೊತಿಯವರು ಎಲ್ಲಾರೂ ಹೋಗ್ಯಾರ, ಒರತಿ ಆದ್ರೂ ಐತಲ್ಲ ಅಂತಿದ್ದೆ. ಅದನ್ನ ನೀ ಕೊಟ್ಟು ನೀನ ಕಸ್ಕಂಡಿ."

ಬೈದಿದ್ದರೆ ಸಹಿಸಬಹುದಿತ್ತು. ಮೊದಲು ಹೊಳೆದದ್ದನ್ನೇ ಹೇಳಿದೆ, ನಾಳೆಯೇ ಎರಡು ಕ್ಯಾನು ನೀರು ಹೊತ್ತು ಹೋಗಿ, ಬಂಡೆಯ ಬುಡಕ್ಕೆ ಗಡಿಗೆ ಇಟ್ಟು ತುಂಬಿಸಿ ಬರುತ್ತೇನೆ ಎಂದೆ. ಅವರು ತಲೆ ಅಲ್ಲಾಡಿಸಿದರು. "ಹೊತ್ತು ಹಾಕಿದ ನೀರು ಒರತಿ ಆಗಂಗಿಲ್ಲ. ನಿನ್ನ ನೀರು ನನಗ ಬ್ಯಾಡ. ಅಲ್ಲಿ ಏನೈತಿ ಅದನ್ನ ಬಂದು ಹೇಳು, ಸಾಕು." ಹಾಳೆ ಹರಿದು ಬರೆದುಕೊಟ್ಟರು. 'ಗಿಣಿಬಂಡೆಗೆ ಹೋಗುವುದು. ಬಂದು ಹೇಳುವುದು.' ಬೇರೆ ಏನೂ ಇರಲಿಲ್ಲ.

ಬಜಾರದಲ್ಲಿ ಕ್ಯಾನ್ವಾಸ್ ಬೂಟು ಕೊಂಡು ಮರುದಿನ ನಸುಕಿನಲ್ಲೇ ಏರಿದೆ. ಬಂಡೆಯ ಬುಡಕ್ಕೆ ಮಂಡಿಯೂರಿ ಕೂತು ನೋಡಿದೆ. ಬಿರುಕು ಬಿಟ್ಟ ಮಣ್ಣು, ಎರಡು ಪ್ಲಾಸ್ಟಿಕ್ ಬಾಟಲಿ, ಒಂದು ಹಾವಿನ ಪೊರೆ. ಗುಡ್ಡದ ಆಚೆ ಮಗ್ಗುಲಿನಿಂದ ಯಂತ್ರದ ಗುಡುಗುಡು. ಇಳಿದು ಬಂದು ಅದನ್ನೇ ಹೇಳಿದೆ. ಮಾವ ಕಣ್ಣು ಮುಚ್ಚಿ ಕೇಳಿ, "ಪೊರಿ ಎಷ್ಟುದ್ದ ಇತ್ತು?" ಎಂದರು.

ಹಾಗೆ ಶುರುವಾದದ್ದು ಆರು ವರ್ಷ ನಡೆಯಿತು. ಸಂಡೂರಿಗೆ ಹೋದಾಗಲೆಲ್ಲ ಏರುತ್ತಿದ್ದೆ, ಕಂಡದ್ದನ್ನು ಬಂದು ಹೇಳುತ್ತಿದ್ದೆ. ಮೊದಲು ಅದು ದಂಡ ಕಟ್ಟಿದ ಹಾಗಿತ್ತು. ಯಾವಾಗ ಆಸೆಯಾಯಿತೋ ಗೊತ್ತಿಲ್ಲ. ಅವರಿಗೆ ಹೇಳಬೇಕಲ್ಲ ಎಂದು ನೋಡುತ್ತ ನೋಡುತ್ತ ನನಗೆ ನೋಡುವ ಕಣ್ಣು ಬಂತು. ಮೊದಲ ಮಳೆಗೆ ಕೆಂಪು ಗುಡ್ಡ ಎಂಟೇ ದಿನದಲ್ಲಿ ಹಸಿರಾಗುವುದು, ಮುಂಜಾನೆ ಊರಿನ ಹೊಗೆ ಗುಡ್ಡ ದಾಟಲಾರದೆ ನಡುವೆಯೇ ನಿಂತುಬಿಡುವುದು, ಇಳಿಬಿಸಿಲಿನಲ್ಲಿ ಕಲ್ಲು ಮೈಕಾವು ಬಿಡುವುದು, ಇವೆಲ್ಲ ಅವರ ಪ್ರಶ್ನೆಗಳಿಗಾಗಿ ನಾನು ಕಲಿತದ್ದು. ಉಬ್ಬಿಸಿ ಹೇಳಿದರೆ ಥಟ್ಟನೆ ಹಿಡಿಯುತ್ತಿದ್ದರು. "ಡಾಕ್ಟರ್ ಮುಂದ ಕುಂತಿಯೇನ್ಲೇ?" ಎಂದು ಕನ್ನಡಕದ ಮೇಲಿನಿಂದ ನೋಡುತ್ತಿದ್ದರು. ಪ್ರತಿ ಸಲವೂ ಕೊನೆಯ ಪ್ರಶ್ನೆ ನೀರಿನದು. ಪ್ರತಿ ಸಲವೂ ನಾನು ಇಲ್ಲ ಎನ್ನುತ್ತಿದ್ದೆ. "ಇರಲಿ" ಎನ್ನುತ್ತಿದ್ದರು.

ಹೋದ ವರ್ಷ ಉಸಿರು ಪೂರಾ ಕೈಕೊಟ್ಟಿತು. ಹೊಸಪೇಟೆಯಲ್ಲಿರುವ ಮಗಳು ಅವರನ್ನು ತನ್ನ ಮನೆಗೆ ಕರೆದೊಯ್ದರು. ಕಿಟಕಿಯ ಪಕ್ಕ ಮಂಚ, ಮೂಗಿಗೆ ಆಕ್ಸಿಜನ್ ನಳಿಕೆ. ಕಿಟಕಿಯಿಂದ ಎದುರುಮನೆಯ ನೀರಿನ ಟ್ಯಾಂಕು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಶ್ರಾವಣದ ಮಳೆ ಜೋರಾಗಿ ಹಿಡಿದಿತ್ತು. ಇಂಥ ಮಳೆಗೆ ಒರತಿ ಒಡೆದಿದ್ದರೂ ಒಡೆದಿರಬಹುದು ಎಂದು ಗುಡ್ಡಕ್ಕೆ ಹೋದೆ. ಮೇಲೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ನನ್ನ ಕೈ ನನಗೆ ಕಾಣಲಿಲ್ಲ. ಕಾಲು ಜಾರಿ ಎರಡು ಸಲ ಬಿದ್ದು, ಬಂಡೆ ಎಲ್ಲಿದೆಯೆಂದು ತಿಳಿಯದೆ ಇಳಿದು, ಸೀದಾ ಹೊಸಪೇಟೆಗೆ ಬಂದೆ.

"ಏನ್ ಕಂಡಿ?" ಎಂದರು. ದನಿ ಬಹಳ ಸಣ್ಣದಾಗಿತ್ತು.

"ಏನೂ ಕಾಣ್ಲಿಲ್ಲ ಮಾವ. ಬರೇ ಮಂಜು."

ಮುಖ ಅರಳಿತು. "ಹಂಗಿದ್ರ ಹೋಗಿದ್ದು ಖರೆ" ಎಂದರು. ಸ್ವಲ್ಪ ಹೊತ್ತು ಸುಧಾರಿಸಿಕೊಂಡು ಕೇಳಿದರು, "ನೀರು?"

ಒಂದು ಮಾತು. 'ಐತಿ' ಎಂದಿದ್ದರೆ ಆ ಮನುಷ್ಯ ತಣ್ಣಗಾಗಿ ಹೋಗುತ್ತಿದ್ದರು. ಇನ್ನು ಯಾರೂ ಅವರ ಹಾಳೆ ಓದಿ ಬಿಸಿಲಿಗೆ ಹೋಗುವುದಿರಲಿಲ್ಲ, ಯಾರಿಗೂ ನಷ್ಟವಿರಲಿಲ್ಲ. ಮಗಳು ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು, ಹೇಳಿಬಿಡಿ ಎಂಬಂತೆ. ನಾನು ಮಾವನ ಕಡೆಗೆ ಬಗ್ಗಿದೆ.

"ಗೊತ್ತಿಲ್ಲ ಮಾವ. ಬುಡ ಸಿಗಲಿಲ್ಲ. ಮಂಜು ಬಿಟ್ಟ ಮ್ಯಾಲ ಹೋಗಿ ನೋಡ್ತೀನಿ."

"ನೋಡು" ಎಂದು ನನ್ನ ಕೈ ಹಿಡಿದುಕೊಂಡರು. ಅದೇ ಕೊನೆ. ನಾಲ್ಕು ದಿನಕ್ಕೆ ಫೋನು ಬಂತು.

ಮಣ್ಣಿಗೆ ಹೋಗಿ ಬಂದೆ. ಎರಡು ದಿನ ಏನೂ ಮಾಡಲು ಕೈ ಬರಲಿಲ್ಲ. ಮೂರನೆಯ ದಿನ ಬಿಸಿಲು ಬಿತ್ತು, ಏರಿದೆ. ಕೇಳುವವರಿಲ್ಲದೆ ಏರುವಾಗ ಗುಡ್ಡ ಎಷ್ಟು ಉದ್ದವಾಗುತ್ತದೆ ಎಂದು ಆವತ್ತು ಗೊತ್ತಾಯಿತು. ಬಂಡೆಯ ಬುಡದಲ್ಲಿ ಕೂತು, ಕಲ್ಲು ಸರಿಸಿ, ಕೈಯಿಂದ ಮಣ್ಣು ತೋಡಿದೆ. ಮೊಣಕೈಯವರೆಗೆ ತೋಡಿದ ಮೇಲೆ ಅಲ್ಲೇ ಅತ್ತುಬಿಟ್ಟೆ. ಅವರ ಮೇಲೆ ಸಿಟ್ಟೂ ಬಂತು, ಒಂದು ವಾರ ತಡೆಯಬಾರದಿತ್ತೇ ಎಂದು.

ಸಂಜೆ ಹೊಸಪೇಟೆಯ ಆ ಮನೆಯ ಬಾಗಿಲು ತಟ್ಟಿದೆ. ಯಾಕೆ ಹೋದೆನೋ ನನಗೇ ಸ್ಪಷ್ಟವಿರಲಿಲ್ಲ. ಕೈಗೆ ಕೆಂಪು ಮಣ್ಣು ಹಾಗೇ ಇತ್ತು. ಬಾಗಿಲು ತೆರೆದ ಮಗಳು ಒಳಗೆ ಬನ್ನಿ ಎನ್ನುವುದಕ್ಕೆ ಮೊದಲೇ ಕೇಳಿದರು.

"ನೀರಿತ್ತೇನ್ರಿ?"

ನಾನು ಮಣ್ಣಾದ ಕೈ ನೋಡಿಕೊಂಡೆ. "ಅಪ್ಪ ಹೇಳಿದ್ರು" ಎಂದರು ಆಕೆ. "ನಾ ಇರಂಗಿಲ್ಲ, ಅವ ಬಂದೇ ಬರ್ತಾನ, ನೀ ಕೇಳಿ ಇಟ್ಕೋ ಅಂದ್ರು. ಅವ ಹೆಂಗ ಹೇಳ್ತಾನೋ ಹಂಗ ಇರ್ತೈತಿ ಅಂದ್ರು."

"ಕುಡಿಯೋವಷ್ಟು ಇರಲಿಲ್ಲ ಅಕ್ಕಾ" ಎಂದೆ. "ಭಾಳ ತೋಡಿದ ಮ್ಯಾಲ ಕೈ ಒದ್ದಿ ಆಗೋವಷ್ಟು ಬಂತು."

ಆಕೆ ತಲೆಯಾಡಿಸಿದರು. ಮರುಪ್ರಶ್ನೆ ಕೇಳಲಿಲ್ಲ. ದಿನವಿಡೀ ಮಾತು ಮಾರಿ ಬದುಕುವವನು ನಾನು, ನನ್ನ ಮಾತನ್ನು ಯಾರೂ ಎಂದೂ ಹಾಗೆ ನಂಬಿರಲಿಲ್ಲ.