ಕೊನೆಯ ಚಕ್ರದ ಬಟ್ಟೆ

ನಮ್ಮ ಚಿಕ್ಕಪ್ಪ ಇಂಜಿನಿಯರಿಂಗ್ ಕಾಲೇಜಿನ ಲೋಹದ ಲ್ಯಾಬಿನಲ್ಲಿ ಅಟೆಂಡರ್. ಹತ್ತೊಂಬತ್ತು ವರ್ಷ, ಹೊಸ ಮಕ್ಕಳಿಗೆ ಮೊದಲ ಪ್ರಯೋಗ ಮಾಡಿ ತೋರಿಸಿದವರು ಅವರೇ. ಉಕ್ಕಿನ ತುಂಡನ್ನು ಒರಟು ಉಜ್ಜುಕಾಗದದಲ್ಲಿ, ಆಮೇಲೆ ನುಣುಪು ಕಾಗದದಲ್ಲಿ ಉಜ್ಜಿ, ಕೊನೆಗೆ ತಿರುಗುವ ಚಕ್ರದ ಮಖಮಲ್ ಬಟ್ಟೆಗೆ ಒತ್ತಿ ಕನ್ನಡಿ ಮಾಡಿ, "ಈಗ ತಲೆ ಬಾಚ್ಕೊಳ್ಳಿ!" ಎನ್ನುತ್ತಿದ್ದರು. ಮಕ್ಕಳ ಚಪ್ಪಾಳೆಗೆ ಉಬ್ಬಿಹೋಗುತ್ತಿದ್ದರು.

ನಾನು ಅಲ್ಲಿ ಓದಲು ಸೇರಿದ ವರ್ಷವೇ ಹೊಸ ಮೇಡಂ ಬಂದರು. ಪ್ರಯೋಗ ಅವರ ಪಾಲಾಯಿತು. ಚಿಕ್ಕಪ್ಪನ ಹೊಟ್ಟೆಗೆ ಬೆಂಕಿ ಬಿತ್ತು. ಊಟಕ್ಕೆ ಕೂತರೂ ಅದೇ ರಾಗ.

"ನಿನ್ನೆ ಮೊನ್ನೆ ಬಂದೋಳು! ಕೈಗೆ ಮಸಿ ಅಂಟಿಸ್ಕೊಂಡೋಳಲ್ಲ. ಅವಳಿಗೇನ್ ಗೊತ್ತು ಕನ್ನಡಿ?"

"ಅಷ್ಟು ಉರೀತಿದ್ರೆ ತಣ್ಣೀರು ಕುಡೀರಿ" ಎಂದರು ಚಿಕ್ಕಮ್ಮ.

ಪ್ರಯೋಗದ ಹಿಂದಿನ ಸಂಜೆ ಮಾತ್ರ ಶಿಳ್ಳೆ ಹಾಕುತ್ತಾ ಮನೆಗೆ ಬಂದರು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಮರುದಿನ ಮೇಡಂ ಕಾಗದದಲ್ಲಿ ಚೊಕ್ಕವಾಗಿಯೇ ಉಜ್ಜಿದರು. ಅದನ್ನು ಕಂಡು ಚಿಕ್ಕಪ್ಪನ ಮುಖ ಗಂಟಾಯಿತು. ಆದರೆ ಚಕ್ರದ ಬಟ್ಟೆಗೆ ಒತ್ತಿದರೆ ತುಂಡಿನ ಮೇಲೆ ಗೀರು. ಮತ್ತೆ ಉಜ್ಜಿದರು, ಮತ್ತೆ ಗೀರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೇಡಂ ಬೆವರು ಒರೆಸಿಕೊಂಡು ತುಂಡನ್ನು ಚಿಕ್ಕಪ್ಪನ ಕಡೆ ಚಾಚಿದರು.

"ನನ್ ಕೈಲಿ ಆಗ್ತಿಲ್ಲ ಅಣ್ಣಾ. ನೀವೇ ತೋರಿಸಿ, ನಾನೂ ಕಲೀತೀನಿ."

ಬೇಕಾಗಿದ್ದು ಇದೇ ತಾನೇ! ಚಿಕ್ಕಪ್ಪ ಚಕ್ರದ ಮುಂದೆ ನಿಂತರು. ಒತ್ತಲಿಲ್ಲ. ಬಟ್ಟೆ ಕಿತ್ತುಹಾಕಿ ಹೊಸದನ್ನು ಹಾಕಿದರು. ತುಂಡನ್ನು ಕಾಗದದಲ್ಲಿ ಇನ್ನೊಮ್ಮೆ ಉಜ್ಜಿ ಬಟ್ಟೆಗೆ ಒತ್ತಿದರೆ, ಕನ್ನಡಿ! ಎಲ್ಲರೂ ಚಪ್ಪಾಳೆ ತಟ್ಟಿದೆವು.

"ಆ ಬಟ್ಟೆಗೆ ಏನಾಗಿತ್ತು ಅಣ್ಣಾ?"

"ಒರಟು ಪುಡಿ ಬಿದ್ದಿತ್ತು."

"ಕಣ್ಣಿಗೇ ಕಾಣಲ್ವಲ್ಲ! ನಿಮಗೆ ಹೇಗೆ ಗೊತ್ತಾಯ್ತು?"

ಸುಳ್ಳು ಹೇಳಿ ಅಭ್ಯಾಸವಿಲ್ಲದ ಬಾಯಿ. "ನಿನ್ನೆ ಒರೆಸೋವಾಗ ಬೆರಳಿಗೆ ಸಿಕ್ತು" ಎಂದುಬಿಟ್ಟರು.

ಮೇಡಂ ಚಿಕ್ಕಪ್ಪನನ್ನೇ ಒಂದು ಕ್ಷಣ ನೋಡಿ, ಮುಂದಿನ ಪಾಠ ಶುರುಮಾಡಿದರು. ನನ್ನ ಪಕ್ಕದವಳು ಶುದ್ಧ ಪೆದ್ದಿ, ಕಿವಿಗೆ ಬಿದ್ದದ್ದನ್ನೆಲ್ಲ ಬರೆದುಕೊಳ್ಳುವವಳು. ಅವಳ ರೆಕಾರ್ಡಿನಲ್ಲಿ ಮೊದಲ ಎಚ್ಚರಿಕೆ: ಬಟ್ಟೆಯಲ್ಲಿ ಪುಡಿ ಬೆರಳಿಗೆ ಸಿಕ್ಕರೆ ಪ್ರಯೋಗದ ಹಿಂದಿನ ದಿನವೇ ಹೇಳಬೇಕು. ಅದನ್ನೇ ಇಡೀ ತರಗತಿ ನಕಲು ಮಾಡಿತು.

ಅರವತ್ತು ರೆಕಾರ್ಡುಗಳನ್ನು ಮೇಡಂ ಮೇಜಿಗೆ ಹೊತ್ತೊಯ್ದದ್ದು ಚಿಕ್ಕಪ್ಪನೇ. ಮೆಟ್ಟಿಲ ಬಳಿ ನಿಂತು ಮೇಲಿನದನ್ನು ತೆರೆದು ಓದಿದರು. ಅದು ನನ್ನದು. ನಾನೂ ನಕಲು ಮಾಡಿದ್ದೆ.