ತಪ್ಪು ಕಪಾಟಿನಲ್ಲಿ ಸಿಕ್ಕ ನೂರನೆಯ ದೇಶ

ಗಡಿಯಾರ ರಿಪೇರಿಯವರಿಗೆ ಬೀದಿಯವರು ಇಟ್ಟ ಹೆಸರು ಸೆಕೆಂಡುಮುಳ್ಳು. ತಾವು ಒಂದು ಕಡೆ ಕೂತವರಲ್ಲ, ಇನ್ನೊಬ್ಬರು ಎರಡು ನಿಮಿಷ ತಡಮಾಡಿದರೆ ಸಹಿಸಿದವರಲ್ಲ. ಅಂಗಡಿ ಬಿಟ್ಟರೆ ಅವರ ಜೀವವೆಲ್ಲ ಮನೆಯ ಮೂಲೆಯ ಹ್ಯಾಮ್ ರೇಡಿಯೊದಲ್ಲಿ. ದೂರದೇಶದ ಹವ್ಯಾಸಿಗಳೊಡನೆ ಮಾತಾಡಿ, ಅದನ್ನು ಹಳೆಯ ಕಂಪ್ಯೂಟರಿನ ಲಾಗ್‌ಗೆ, ಅಂದರೆ ದಾಖಲೆ ಪಟ್ಟಿಗೆ, ಸೇರಿಸುತ್ತಿದ್ದರು. ತಾರೀಖು, ಹೊತ್ತನ್ನು ಕಂಪ್ಯೂಟರೇ ಹಾಕಿ, ಹೊಸದನ್ನು ಮೇಲಿಡುತ್ತಿತ್ತು. ಆ ಕಡೆಯವರ ಲಾಗ್ ಜೊತೆ ಅದು ತಾಳೆಯಾದರಷ್ಟೇ ಆ ದೇಶ ಲೆಕ್ಕಕ್ಕೆ. ಹನ್ನೆರಡು ವರ್ಷಕ್ಕೆ ತೊಂಬತ್ತೊಂಬತ್ತು ದೇಶಗಳಾಗಿದ್ದವು.

ಆ ಭಾನುವಾರ ಬೆಳಗ್ಗೆ ನೂರನೆಯದು ಸಿಕ್ಕಿತು. ಯಾರೂ ವಾಸಿಸದ ದ್ವೀಪವೊಂದಕ್ಕೆ ವಾರದ ಮಟ್ಟಿಗೆ ಹೋಗಿದ್ದ ಹವ್ಯಾಸಿಗಳ ತಂಡ. ಹ್ಯಾಮ್ ಲೆಕ್ಕದಲ್ಲಿ ಅಂಥ ದ್ವೀಪವೂ ಒಂದು ದೇಶವೇ. ಸಂಜೆಗೆ ಗಂಟುಮೂಟೆ ಕಟ್ಟುವವರಿದ್ದರು. ಇವರು ಕುಣಿಯುವುದೊಂದು ಬಾಕಿ. ಸ್ನಾನ ಮುಗಿಸಿ ಬಂದು ನೋಡುತ್ತಾರೆ, ಲಾಗ್‌ನಲ್ಲಿ ದ್ವೀಪವೇ ಇಲ್ಲ! ಎಲ್ಲಕ್ಕಿಂತ ಮೇಲೆ ನಿನ್ನೆಯ ಮಾತುಕತೆಯೇ ಕೂತಿದೆ. ಮುಚ್ಚಿದರು, ತೆರೆದರು, ಇಲ್ಲ. ಹೊತ್ತನ್ನು ಕಾಗದದ ಮೇಲೆ ಬರೆಯುವ ಅಭ್ಯಾಸ ಬಿಟ್ಟು ವರ್ಷಗಳಾಗಿದ್ದವು. ಆ ಖುಷಿಯಲ್ಲಿ ಗೋಡೆ ಗಡಿಯಾರ ನೋಡುವಷ್ಟು ವ್ಯವಧಾನ ಯಾರಿಗಿತ್ತು? ಕೈಗೆ ಬಂದ ತುತ್ತು ಬಾಯಿಗಿಲ್ಲವಾಯಿತಲ್ಲ ಎಂದು ಪೇಚಾಡುತ್ತ ಕಂಪ್ಯೂಟರಿನ ಪ್ಲಗ್‌ಗೆ ಕೈಹಾಕಿದರು.

"ರೀ, ಪ್ಲಗ್ ಯಾಕೆ ಕೀಳೋಕೆ ಹೋಗ್ತಿದ್ದೀರಿ?" ಬಾಗಿಲಲ್ಲಿ ಹೆಂಡತಿ. ಲೈಬ್ರರಿಯಲ್ಲಿ ಮೂವತ್ತು ವರ್ಷ ದುಡಿದವರು.

"ಎಲ್ಲಾ ಹೋಯ್ತು ಕಣೇ. ಒಂದ್ಸಲ ಕಿತ್ತು ಹಾಕಿ ನೋಡ್ತೀನಿ."

"ತಡೀರಿ. ನಮ್ಮಲ್ಲಿ ಪುಸ್ತಕ ಕಳೆದುಹೋಗೋದು ಕಮ್ಮಿ, ತಪ್ಪು ಕಪಾಟು ಸೇರೋದೇ ಜಾಸ್ತಿ. ತೀರಾ ಕೆಳಗಡೆ ನೋಡಿದ್ರಾ?"

ಹೆಂಡತಿಯೇ ಮೌಸ್ ಹಿಡಿದು ಪಟ್ಟಿಯ ತಳದವರೆಗೂ ಇಳಿದರು. ದ್ವೀಪ ಅಲ್ಲಿತ್ತು! ತಾರೀಖು ಮಾತ್ರ ಇಪ್ಪತ್ತು ವರ್ಷ ಹಿಂದಿನ ಜನವರಿ ಒಂದು. ಆಗ ಗಂಡನಿಗೆ ರೇಡಿಯೊ ಲೈಸೆನ್ಸೂ ಇರಲಿಲ್ಲ.

ಸೆಕೆಂಡುಮುಳ್ಳಿಗೆ ತಟ್ಟನೆ ಹೊಳೆಯಿತು. ಕಂಪ್ಯೂಟರ್ ಆರಿದಾಗಲೂ ಹೊತ್ತು ಕಾಯುವ ಒಳಗಿನ ಬಟನ್ ಸೆಲ್ ಸತ್ತಿದೆ. ಬೆಳಗ್ಗೆ ಹಾಕಿದಾಗ ಅದರ ಗಡಿಯಾರ ಹಳೆಯ ತಾರೀಖಿನಿಂದ ಶುರುವಾಗಿದೆ. ಆದರೆ ಆಗಿನಿಂದ ನಿಂತಿಲ್ಲ. ತಪ್ಪು ಹೊತ್ತಾದರೂ ನಡಿಗೆ ಸರಿಯಾಗಿಯೇ ಇದೆ. ಗೋಡೆ ಗಡಿಯಾರಕ್ಕೂ ಅದಕ್ಕೂ ಈಗ ಎಷ್ಟು ಅಂತರವೋ, ಮಾತಾಡಿದಾಗಲೂ ಅಷ್ಟೇ ಅಂತರ. ಲಾಗ್‌ನ ಹೊತ್ತಿಗೆ ಅದನ್ನು ಕೂಡಿದರೆ ನಿಜವಾದ ಹೊತ್ತು! ಪ್ಲಗ್ ಕಿತ್ತಿದ್ದರೆ ಆ ಗಡಿಯಾರ ಮತ್ತೆ ಮೊದಲಿಂದ ಶುರುವಾಗಿ, ಈ ಅಂತರವೂ ಮಣ್ಣುಪಾಲಾಗುತ್ತಿತ್ತು.

ಲೆಕ್ಕ ಹಾಕಿ ಫೋನಿನಿಂದ ತಂಡದ ಇಮೇಲಿಗೆ ವಿವರ ಕಳಿಸಿದರು. ಮಧ್ಯಾಹ್ನ ದ್ವೀಪದಿಂದ ಉಪಗ್ರಹದ ಮೂಲಕ ಉತ್ತರ ಬಂತು: ನಿಮಿಷವೂ ತಪ್ಪದೆ ತಾಳೆಯಾಗಿದೆ. ಸೆಕೆಂಡುಮುಳ್ಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ವಾರಕ್ಕೆ ಐವತ್ತು ವಾಚಿಗೆ ಸೆಲ್ ಹಾಕೋರ ಮನೇಲೇ ಸೆಲ್ ಸತ್ತಿತ್ತು. ದೀಪದ ಬುಡದಲ್ಲೇ ಕತ್ತಲೆ," ಎಂದು ಹೆಂಡತಿ ನಕ್ಕರು.

ಸೆಕೆಂಡುಮುಳ್ಳು ಕಂಪ್ಯೂಟರಿನ ಹೊದಿಕೆ ಬಿಚ್ಚಿದರು. ಹೊಸ ಸೆಲ್ ಹಾಕಿದರು. ಆಮೇಲೆ ಅಟ್ಟದಿಂದ ಹಳೆಯ ಲಾಗ್ ಪುಸ್ತಕ ಇಳಿಸಿ, ಧೂಳು ಕೊಡವಿ, ದ್ವೀಪದ ಹೆಸರು, ತಾರೀಖು, ಹೊತ್ತು ಬರೆದರು. ಕೊನೆಯ ಷರಾ ಕಾಲಮಿನಲ್ಲಿ, ಹನ್ನೆರಡು ವರ್ಷದಲ್ಲಿ ಮೊದಲ ಸಲ, ಹವಾಮಾನ ಬಿಟ್ಟು ಬೇರೇನೋ ಬರೆದರು: "ನನ್ನವಳು ಹುಡುಕಿಕೊಟ್ಟಳು."