ಡ್ರೈವಿಂಗ್ ಮೇಷ್ಟ್ರ ಎಡಗಡೆ

ಕಾರು ಹತ್ತುವ ಮುಂಚೆ ಅವರು ಚಪ್ಪಲಿ ಬಿಡುತ್ತಿದ್ದರು. ಬಿಟ್ಟ ಚಪ್ಪಲಿಯನ್ನು ಹಳೇ ಬಟ್ಟೆಚೀಲವೊಂದಕ್ಕೆ ಹಾಕಿ ಸೀಟಿನ ಹಿಂದೆ ಸಿಕ್ಕಿಸಿ, ಎಡಗಡೆ ಕೂತು, ಕಲಿಸುವವರಿಗೆಂದು ಅಲ್ಲಿ ಜೋಡಿಸಿರುವ ಇನ್ನೊಂದು ಬ್ರೇಕಿನ ಮೇಲೆ ಬರಿಗಾಲು ಇಡುತ್ತಿದ್ದರು. ಅಗಲವಾದ ಪಾದ, ಒಡೆದ ಹಿಮ್ಮಡಿ. ಹೆಬ್ಬೆರಳಿನ ಉಗುರು ಯಾವತ್ತೋ ಜಾಕಿಯ ಕೆಳಗೆ ಸಿಕ್ಕಿ ಕಪ್ಪಾದದ್ದು ಹಾಗೇ ಉಳಿದುಬಿಟ್ಟಿತ್ತು. ನಲವತ್ತೇಳನೆಯ ವಯಸ್ಸಿನಲ್ಲಿ ಕಾರು ಕಲಿಯಲು ಹೋದ ನನಗೆ ದಾರಿಗಿಂತ ಹೆಚ್ಚಾಗಿ ಕಾಣುತ್ತಿದ್ದದ್ದು ಆ ಪಾದವೇ. ಅದು ಅಲ್ಲಿರುವ ತನಕ ನನ್ನ ಕೈಯಿಂದ ಯಾರೂ ಸಾಯುವುದಿಲ್ಲ ಎಂಬ ಧೈರ್ಯವಿತ್ತು.

ಕೊಳ್ಳೇಗಾಲದಲ್ಲಿ ಅವರ ಡ್ರೈವಿಂಗ್ ಸ್ಕೂಲ್ ಅಂದರೆ ಒಂದು ಬಿಳಿ ಕಾರು, ಒಂದು ಬೋರ್ಡು, ಮತ್ತೆ ಅವರು. ಊರಿಗೆಲ್ಲ ಡ್ರೈವಿಂಗ್ ಮೇಷ್ಟ್ರು. ನನ್ನದೂ ಮೇಷ್ಟ್ರ ಕೆಲಸವೇ. ಯಳಂದೂರಿನಾಚೆ ಬೆಟ್ಟದ ಬುಡದ ಊರೊಂದರ ಸರ್ಕಾರಿ ಶಾಲೆ. ಎರಡು ಬಸ್ಸು ಬದಲಿಸಿ ಹೋಗಿ, ಎರಡು ಬಸ್ಸು ಬದಲಿಸಿ ಬಂದು ಇಪ್ಪತ್ತು ವರ್ಷ ಕಳೆದ ಮೇಲೆ ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಸಿಟ್ಟು ಬಂದು, ನೆಟ್ಟಗೆ ಅವರಲ್ಲಿಗೆ ಹೋದೆ. ನನ್ನ ತೀರ್ಮಾನಗಳೆಲ್ಲ ಸಿಟ್ಟಿನಲ್ಲೇ ಆಗುವುದು.

ಬೆಳಿಗ್ಗೆ ಆರಕ್ಕೆ ಪಾಠ. ಯಳಂದೂರಿನ ಕಡೆ ಹೊರಟರೆ ಗದ್ದೆಗಳ ಮೇಲಿನ ಮಂಜು ಇನ್ನೂ ಕರಗಿರುತ್ತಿರಲಿಲ್ಲ. ದೂರದಲ್ಲಿ ಬಿಳಿಗಿರಿರಂಗನ ಬೆಟ್ಟ ಇದೆಯೋ ಇಲ್ಲವೋ ಎಂಬಂತೆ ತೇಲುತ್ತಿತ್ತು. ಆ ಹೊತ್ತಿನಲ್ಲಿ ಮೇಷ್ಟ್ರು ಶುರು ಮಾಡುತ್ತಿದ್ದದ್ದು ಕ್ಲಚ್ಚು ಗೇರಿನ ಮಾತಲ್ಲ. "ಅಲ್ಲಿ ಈಗ ಇನ್ನೂ ಕತ್ಲು ಮೇಡಮ್ಮೋರೆ. ಓಡ್ತಾನೇ ಅವೆ," ಅನ್ನುತ್ತಿದ್ದರು.

ಓಡುತ್ತಿದ್ದದ್ದು ಎಲ್ಲೋ ಫ್ರಾನ್ಸಿನಲ್ಲಿ. ವರ್ಷಕ್ಕೊಮ್ಮೆ ಇಪ್ಪತ್ನಾಲ್ಕು ಗಂಟೆ ನಿಲ್ಲದೆ ನಡೆಯುವ ಕಾರ್ ರೇಸು, ಅವರ ಬಾಯಲ್ಲಿ ಮಾತ್ರ ದಿನಾ. ಮೇಷ್ಟ್ರು ಹರೆಯದಲ್ಲಿ ಗಡಿಯ ಪಾಲಾರ್ ದಾಟಿ ತಮಿಳುನಾಡಿಗೆ ಹೋಗಿ, ಕೊಯಮತ್ತೂರಿನ ವರ್ಕ್‌ಶಾಪೊಂದರಲ್ಲಿ ಹತ್ತು ವರ್ಷ ರೇಸಿನ ಕಾರುಗಳಿಗೆ ಕೈ ಹಾಕಿದ್ದವರು. ಅಲ್ಲಿನ ಮಾಲೀಕ ತರಿಸುತ್ತಿದ್ದ ಇಂಗ್ಲಿಷ್ ಪತ್ರಿಕೆಗಳನ್ನು ಲೇತ್ ಮೆಷೀನಿನವನೊಬ್ಬ ಊಟದ ಹೊತ್ತಿನಲ್ಲಿ ತಮಿಳಿನಲ್ಲಿ ಓದಿ ಹೇಳುತ್ತಿದ್ದನಂತೆ. ಆ ಕತೆಗಳು ತಮಿಳಿನಿಂದ ಇವರ ಬಾಯಿಗೆ ಬಂದು, ನಮ್ಮ ಕೊಳ್ಳೇಗಾಲದ ಕನ್ನಡದಲ್ಲಿ ನನ್ನ ಬಲಬದಿಯ ಕಿಟಕಿಯಿಂದ ಗದ್ದೆಗೆ ಹೋಗುತ್ತಿದ್ದವು.

ಅವರಿಗೆ ಮುಂದೆ ಓಡುವ ಕಾರುಗಳ ಮೇಲೆ ಮನಸ್ಸಿರಲಿಲ್ಲ. "ಅವು ರೇಸ್‌ಗಂತ್ಲೇ ಉಟ್ಟಿದ್ವು. ಓಡ್ದೆ ಇನ್ನೇನ್ ಮಾಡವು," ಎಂದು ತಳ್ಳಿಹಾಕುತ್ತಿದ್ದರು. ಅವರ ಜೀವವಿದ್ದದ್ದು ಅವುಗಳ ಹಿಂದೆ, ಅದೇ ದಾರಿಯಲ್ಲಿ, ತಮ್ಮದೇ ದರ್ಜೆಯಲ್ಲಿ ಓಡುವ ಗ್ರ್ಯಾಂಡ್ ಟೂರಿಂಗ್ ಕಾರುಗಳ ಮೇಲೆ. ಅಂದರೆ ನಮ್ಮ ನಿಮ್ಮಂಥವರೇ, ಕೊಂಚ ಸಿರಿವಂತರಾದರೆ, ರಸ್ತೆಯ ಮೇಲೆ ಓಡಿಸಬಹುದಾದ ಕಾರು.

"ಇಬ್ರು ಕೂತ್ಕಂಡು, ಇಂದ್ಗಡೆ ಪೆಟ್ಗೆ ಮಡಿಕ್ಕಂಡು, ದೂರದ್ ಊರ್ಗೆ ಓಗೋ ಕಾರು. ರೇಸ್ ಬುಡೋಕೂ ಮೊದ್ಲು ಅದ್ರಲ್ ಪೆಟ್ಗೆ ಇಡ್ಸುತ್ತಾ ಅಂತ ನೋಡೋರಂತೆ. ಯೋಚ್ನೆ ಮಾಡಿ ಮೇಡಮ್ಮೋರೆ, ರೇಸ್‌ಗ್ ನಿಂತಿರೋ ಕಾರ್ಗೆ ಬಟ್ಟೆ ಪೆಟ್ಗೆ."

ಹೀಗೆ ಒಂದೊಂದು ಬೆಳಿಗ್ಗೆ ಒಂದೊಂದು ಕಾಲ. ಇಷ್ಟು ಕಾರು ಮಾಡಿ ಜನಕ್ಕೆ ಮಾರಿದ್ದರೆ ಮಾತ್ರ ಈ ದರ್ಜೆಗೆ ಸೇರಬಹುದೆಂದು ಕಾನೂನು ಬಂದದ್ದು ಒಂದು ಕಾಲ. ಇವುಗಳನ್ನು ಕೇಳುವವರೇ ಇಲ್ಲದೆ ಹಿಂದೆ ಬಿದ್ದದ್ದು ಇನ್ನೊಂದು. ಆಮೇಲೆ ಮತ್ತೆ ಜೀವ ಬಂದು ಮೆರೆದದ್ದು, ಮೆರೆದು ಕೆಟ್ಟದ್ದು. ಆ ಕೆಟ್ಟ ಕಾಲವನ್ನು ಹೇಳುವಾಗ ಅವರ ದನಿ ಇಳಿಯುತ್ತಿತ್ತು. ಮೊದಲು ರೇಸಿನ ಕಾರನ್ನೇ ಮಾಡಿ, ಆಮೇಲೆ ಅಂಥದ್ದೇ ಒಂದೆರಡಕ್ಕೆ ನಂಬರ್ ಪ್ಲೇಟ್ ಹಾಕಿ ಇದು ರಸ್ತೆಯ ಕಾರು ಅಂತ ತೋರಿಸತೊಡಗಿದರಂತೆ. "ವೇಷ ಆಕ್ಕಂಡ್ ಬಂದ್ರು. ದುಡ್ಡಿದ್ದೋರ್ ಮಾತ್ರ ಉಳುದ್ರು, ಕೊನ್ಗೆ ಅವ್ರೂ ಉಳೀನಿಲ್ಲ. ಆ ದರ್ಜೆನೇ ಮುಚ್ಚೋಯ್ತು." ಅದರ ಕೆಳಗಿದ್ದ ಸಣ್ಣ ದರ್ಜೆ ಮೇಲೆ ಬಂತು. ಅದರ ಹೆಸರು ಬದಲಾಯಿತು, ಅದೂ ಹೋಯಿತು, ಅದರ ಕೆಳಗಿನದು ಬಂತು. ಈಗ ಉಳಿದಿರುವುದು ಮೂರನೆಯ ನಂಬರಿನದು, ಇದನ್ನು ಅವರು ಫೋನಿನಲ್ಲಿ ನೋಡಿ ತಿಳಿದದ್ದು.

ಈ ಮೂರನೆಯ ನಂಬರಿನ ದರ್ಜೆಯಲ್ಲಿ ಒಂದು ನಿಯಮವಿದೆಯಂತೆ. ಒಂದು ಕಾರಿಗೆ ಮೂವರು ಓಡಿಸುವವರು, ಅವರನ್ನು ಚಿನ್ನ, ಬೆಳ್ಳಿ, ಕಂಚು ಎಂದು ವಿಂಗಡಿಸುತ್ತಾರೆ. ಕಂಚು ಅಂದರೆ ಬೇರೆ ಕಸುಬಿನಲ್ಲಿರುವ, ಆಸೆಗೆ ಓಡಿಸುವ ಮನುಷ್ಯ. ಪ್ರತಿ ಕಾರಿನಲ್ಲೂ ಒಬ್ಬ ಕಂಚಿನವನು ಇರಲೇಬೇಕು, ಇಷ್ಟು ಹೊತ್ತು ಓಡಿಸಲೇಬೇಕು. ಇದನ್ನು ಹೇಳುವಾಗ ಮೇಷ್ಟ್ರ ಮುಖ ಅರಳುತ್ತಿತ್ತು. ನಾನು ಮೂರನೇ ಗೇರಿನಿಂದ ನೆಟ್ಟಗೆ ಒಂದಕ್ಕೆ ಹಾಕಿ ಕಾರು ಕಿರುಚಿದಾಗಲೂ ಬೈಯಲಿಲ್ಲ. "ನಮ್ ಕಂಚು," ಅಂದರು. ನನ್ನ ಗಂಡ ಒಂದು ವಾರ ಅದನ್ನೇ ಹೇಳಿಕೊಂಡು ನಕ್ಕರು.

ಅವರು ಕಲಿಸಿದ್ದರಲ್ಲಿ ಎರಡು ಮಾತು ನನ್ನಲ್ಲಿ ಉಳಿದಿವೆ. ಹಿಂದಿನಿಂದ ಲಾರಿ ಹಾರ್ನ್ ಹೊಡೆದರೆ ನಾನು ಹೆದರಿ ಗದ್ದೆಯ ಕಡೆ ತಿರುಗಿಸುತ್ತಿದ್ದೆ. "ಗಾಬ್ರಿ ಬೀಳ್ಬೇಡಿ. ಜೋರಾಗ್ ಬರೋನ್ಗೆ ದಾರಿ ಉಡ್ಕೋದ್ ಗೊತ್ತದೆ. ನೀವ್ ನಿಮ್ ಲೈನ್ ಬುಡ್ಬೇಡಿ. ಅಲ್ಲೂ ಇದೇ ಕಾನೂನು." ಇದು ಒಂದು. ಇನ್ನೊಂದು, ಎಡಗಡೆ ಏನಿದೆ ಅಂತ ಬಾಯಿಬಿಟ್ಟು ಹೇಳುತ್ತ ಓಡಿಸಬೇಕು ಎಂಬುದು. "ಎಡಗಡೆ ಏನದೆ, ಯೋಳಿ."

"ಎಮ್ಮೆ ಸಾರ್. ಸೈಕಲ್ಲು. ಕಬ್ಬಿನ ಗಾಡಿ. ಏನಿಲ್ಲ. ಒಬ್ಬರು ಅಜ್ಜಿ."

ಈ ಪದ್ಧತಿ ಊರಲ್ಲೆಲ್ಲ ಹೆಸರಾಗಿತ್ತು. ಅವರಲ್ಲಿ ಕಲಿತವರು ಎಡಗಡೆ ಯಾರಿಗೂ ತಗುಲಿಸುವುದಿಲ್ಲ ಅನ್ನುತ್ತಿದ್ದರು. ನನಗೂ ಅದು ಇಷ್ಟವಾಯಿತು. ಮಂಜಿನೊಳಗೆ ಒಂದೊಂದೇ ವಸ್ತು ಮೂಡಿ ಬರುವುದು, ನಾನು ಅದರ ಹೆಸರು ಹೇಳುವುದು, ಅದು ಹಿಂದೆ ಸರಿಯುವುದು. ಅವರ ದನಿಯಲ್ಲಿ ಫ್ರಾನ್ಸಿನ ಕತ್ತಲಲ್ಲಿ ದೀಪ ಹಚ್ಚಿಕೊಂಡು ಓಡುವ ಕಾರುಗಳು. ಸುವರ್ಣಾವತಿಯ ಸೇತುವೆ ಬರುವ ಹೊತ್ತಿಗೆ ಯಾವ ದಾರಿಯಲ್ಲಿದ್ದೇನೆಂದು ನನಗೇ ಮರೆತುಹೋಗುತ್ತಿತ್ತು. ನನ್ನ ಬದುಕಿನಲ್ಲಿ ಅಷ್ಟು ಹಗುರವಾದ ಬೆಳಗುಗಳು ಹೆಚ್ಚಿಲ್ಲ.

ಒಂದು ದಿನ ನನಗೆ ಮನೆಯಲ್ಲಿ ಏನೋ ಜಗಳವಾಗಿ ಮಾತಾಡಲು ಮನಸ್ಸಿರಲಿಲ್ಲ. ಎಡಗಡೆಯದನ್ನು ಹೇಳದೆ ಸುಮ್ಮನೆ ಓಡಿಸಿದೆ. "ಯೋಳಿ," ಅಂದರು. ನಾನು ಹೇಳಲಿಲ್ಲ. "ಯೋಳಿ ಮೇಡಮ್ಮೋರೆ," ಅಂದರು ಮತ್ತೆ. ಆ ದನಿ ಮೇಷ್ಟ್ರದ್ದಾಗಿರಲಿಲ್ಲ. ತಿರುಗಿ ನೋಡಿದರೆ ಅವರ ಹಣೆಯ ಮೇಲೆ ಬೆವರು. ಕೈ ಡ್ಯಾಶ್‌ಬೋರ್ಡನ್ನು ಹಿಡಿದಿತ್ತು. ತಲೆಯನ್ನು ಪೂರಾ ಎಡಕ್ಕೆ ಹೊರಳಿಸಿ ರಸ್ತೆಯ ಅಂಚನ್ನು ಹುಡುಕುತ್ತಿದ್ದರು.

ಅವರಿಗೆ ಪಕ್ಕದ್ದು ಕಾಣುತ್ತಿಲ್ಲ ಎಂದು ನನಗೆ ಆ ಕ್ಷಣ ತಿಳಿಯಿತು. ನೇರಕ್ಕೆ ಇರುವುದು ಕಾಣುತ್ತಿತ್ತು, ಎರಡೂ ಬದಿ ಹೋಗಿಬಿಟ್ಟಿತ್ತು. ನಾವು ಕೊಂಡಾಡುತ್ತಿದ್ದ ಪದ್ಧತಿ ಪದ್ಧತಿಯೇ ಅಲ್ಲ. ಕಲಿಯುವವರ ಕಣ್ಣಿನಿಂದ ಅವರು ದಾರಿ ನೋಡುತ್ತಿದ್ದರು.

ನಾನು ಏನು ಮಾಡಿದೆ? ಏನೂ ಮಾಡಲಿಲ್ಲ. ಮಾರನೇ ದಿನದಿಂದ ಇನ್ನೂ ಜೋರಾಗಿ ಹೇಳತೊಡಗಿದೆ, ಬ್ರೇಕಿನ ಮೇಲೆ ನನ್ನ ಕಾಲನ್ನೇ ಸಿದ್ಧ ಇಟ್ಟುಕೊಂಡೆ. ಬಾಯಿಬಿಟ್ಟರೆ ಸ್ಕೂಲು ಮುಚ್ಚುತ್ತದೆ, ಅವರ ಅನ್ನ ಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಇನ್ನರ್ಧ, ನನಗೆ ಆ ಬೆಳಗುಗಳು ಬೇಕಾಗಿದ್ದವು. ನನ್ನ ನಂತರ ಏಳು ಗಂಟೆಗೆ, ಎಂಟು ಗಂಟೆಗೆ ಅದೇ ಕಾರಿನಲ್ಲಿ ಏನೂ ಗೊತ್ತಿಲ್ಲದೆ ಕೂರುವವರಿದ್ದರಲ್ಲ, ಅವರನ್ನು ನೆನೆಯದಂತೆ ಎರಡು ತಿಂಗಳು ಓಡಿಸಿದೆ.

ಆಮೇಲೆ ಒಂದು ಬೆಳಿಗ್ಗೆ ಕಾಲುವೆಯ ಏರಿಯಿಂದ ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ಎಡಗಡೆಯಿಂದ ರಸ್ತೆಗೆ ಇಳಿದಳು. ಹೇಳುವಷ್ಟು ಹೊತ್ತಿರಲಿಲ್ಲ, ಬ್ರೇಕು ಒತ್ತಿದೆ. ಕಾರು ನಿಂತಾಗ ಹೊರೆಯ ಹುಲ್ಲು ಬಾನೆಟ್ಟಿನ ಎಡಮೂಲೆಗೆ ತಾಗುತ್ತಿತ್ತು. ಮೇಷ್ಟ್ರ ಪಾದ ಅಲ್ಲಾಡಿರಲೇ ಇಲ್ಲ.

"ಯಾಕ್ ನಿಲ್ಸುದ್ರಿ?" ಅಂದರು ಮೇಷ್ಟ್ರು.

ಹೆಂಗಸು ಕಿಟಕಿಯ ಹತ್ತಿರ ಬಂದು ಬಗ್ಗಿದಳು. "ಕಣ್ ಕಾಣಕಿಲ್ವ ನಿಮ್ಗೆ?"

ದಿನಕ್ಕೆ ಹತ್ತು ಸಲ ರಸ್ತೆಯಲ್ಲಿ ಕೇಳುವ ಮಾತು. ಯಾರೂ ಅದಕ್ಕೆ ಉತ್ತರ ಕೊಡುವುದಿಲ್ಲ. ಮೇಷ್ಟ್ರು ಕೊಟ್ಟರು. "ಇಲ್ಲ ಕಣವ್ವ, ಕಾಣಕಿಲ್ಲ," ಅಂದರು. ಅವಳು ಬೈಯಲು ತೆರೆದ ಬಾಯಿ ಮುಚ್ಚಿ, ಹೊರೆ ಸರಿಮಾಡಿಕೊಂಡು ಹೊರಟುಹೋದಳು. ಮೇಷ್ಟ್ರು ಇಳಿದು, ಮಂಜಿನಲ್ಲಿ ಸ್ವಲ್ಪ ಹೊತ್ತು ಬರಿಗಾಲಲ್ಲಿ ನಿಂತಿದ್ದು, ಆಮೇಲೆ ಹಿಂದಿನ ಸೀಟಿನಲ್ಲಿ ಕೂತರು. "ಅಲ್ಲಿ ಯಾರೂ ಇಪ್ಪತ್ನಾಕ್ ಗಂಟೆ ಒಬ್ರೇ ಓಡ್ಸಲ್ಲ. ಇಳ್ದು ಇನ್ನೊಬ್ರಿಗೆ ಕೊಟ್ಬುಡ್ತಾರೆ. ನಂಗೆ ಇಳಿಯಕ್ ಮನಸ್ ಬರ್ನಿಲ್ಲ." ಅಷ್ಟೇ ಅಂದರು. ನಾನು ಫೋನು ಮಾಡಿ ನನ್ನ ಗಂಡನನ್ನು ಕರೆಸಿ, ಕಾರನ್ನು ಊರಿಗೆ ತರಿಸಿದೆ.

ಮೈಸೂರಿನ ಡಾಕ್ಟರು ಕಣ್ಣಿನ ನರ ಒಣಗಿದೆ, ಹೋದದ್ದು ಬರುವುದಿಲ್ಲ ಎಂದರಂತೆ. ಬೋರ್ಡು ಇಳಿಯಿತು, ಬಿಳಿ ಕಾರು ಹೋಯಿತು. ನಾನು ಬೇರೆಯವರ ಹತ್ತಿರ ಉಳಿದ ಪಾಠ ಮುಗಿಸಿ ಲೈಸೆನ್ಸ್ ಪಡೆದು, ಹಳೇ ಕಾರೊಂದನ್ನು ಕೊಂಡು, ತೋರಿಸಲು ಅವರ ಮನೆಗೆ ಹೋದೆ. ಅವರು ಒಳಗಿಂದ ಒಂದು ಹಾಳೆ ತಂದರು. ಕಳೆದ ಒಂದು ವರ್ಷದಲ್ಲಿ ಅವರಲ್ಲಿ ಕಲಿತವರ ಹೆಸರು, ಊರು. ಅವರ ಹೆಂಡತಿಯ ಕೈಬರಹ.

"ಇವ್ರ್ ಮನೆಗೆಲ್ಲ ಓಗ್ಬೇಕು. ಎಡಗಡೆ ಕಾಣ್ದೆ ಕಲ್ಸುಬುಟ್ಟೆ, ಇನ್ನೊಬ್ರತ್ರ ಕೂತ್ಕಂಡು ಎಡಗಡೆ ಮತ್ ಕಲ್ತ್‌ಕಳಿ ಅಂತ ಯೋಳ್ಬೇಕು. ಕರ್ಕಂಡ್ ಓಯ್ತೀರಾ?"

"ಫೋನ್ ಮಾಡಿದ್ರೆ ಸಾಲ್ದಾ ಸಾರ್?" ಅಂದೆ.

"ಫೋನ್‌ನಾಗ್ ಕಲ್ಸುದ್ನಾ?" ಅಂದರು.

ಭಾನುವಾರಗಳಲ್ಲಿ ಹೋದೆವು. ಕೊಳ್ಳೇಗಾಲದ ರೇಷ್ಮೆ ಮಗ್ಗದವರ ಮನೆ, ಹನೂರಿನ ಔಷಧಿ ಅಂಗಡಿಯ ಹುಡುಗಿ. ಶಾಗ್ಯದಲ್ಲಿ ಅರಿಶಿನ ಬೆಳೆಯುವವರೊಬ್ಬರು ಬಿದ್ದು ಬಿದ್ದು ನಕ್ಕು, "ಅದ್ಕೇಯ ಸಾ ನಾನ್ ಗೇಟ್ ಕಂಬ ಮುರ್ದಿದ್ದು," ಎಂದು ನಮಗೆ ಊಟ ಹಾಕಿದರು. ಮೇಷ್ಟ್ರು ಎಲ್ಲೂ ಚಪ್ಪಲಿ ಮೆಟ್ಟಿಕೊಂಡು ಆ ಮಾತು ಹೇಳಲಿಲ್ಲ. ಬಾಗಿಲಲ್ಲಿ ಬಿಟ್ಟು, ಕೈ ಕಟ್ಟಿ ನಿಂತು ಹೇಳಿದರು. ನಾನು ಹಿಂದೆ ಕಾರಿನ ಕೀಲಿ ಹಿಡಿದು, ದೊಡ್ಡ ಉಪಕಾರ ಮಾಡುತ್ತಿರುವವಳಂತೆ ನಿಂತಿರುತ್ತಿದ್ದೆ.

ಬಿಳಿಗಿರಿರಂಗನ ಬೆಟ್ಟದ ಮೇಲಿನ ಪೋಡೊಂದರಲ್ಲಿ, ಕಾಡಿನವರ ಹಾಡಿಯಲ್ಲಿ, ಒಬ್ಬರು ನಗಲಿಲ್ಲ. ಅವರು ಕಾಡಿನ ಹಾಡಿಗಳ ಮಕ್ಕಳನ್ನು ಜೀಪಿನಲ್ಲಿ ಶಾಲೆಗೆ ಬಿಡುವ ಕೆಲಸದಲ್ಲಿದ್ದರು. ಮಾತು ಮುಗಿಯುವ ತನಕ ಕೇಳಿ, "ಮೊದ್ಲೇ ಯೋಳ್ಬೇಕಿತ್ತು ಸಾ," ಅಂದರು. "ನಾನ್ ದಿನಾ ಮಕ್ಕಳ ಕೂರುಸ್ಕಂಡ್ ಓಡಿಸ್ತಿವ್ನಿ." ಮೇಷ್ಟ್ರು ತಲೆ ತಗ್ಗಿಸಿದರು. ಆ ಮಾತು ತಗಲಬೇಕಾಗಿದ್ದವಳು ನಾನು. ಬೆಟ್ಟ ಇಳಿಯುವಾಗ ಎಡಗಡೆಯ ಬಿದಿರುಮೆಳೆಗಳು ಒಂದೊಂದೂ ಕಣ್ಣಿಗೆ ಚುಚ್ಚಿದವು.

ಹಾಳೆಯಲ್ಲಿ ಕೊನೆಯ ಹೆಸರು ನನ್ನದೇ. ಆ ಸಂಜೆ ನಮ್ಮ ಮನೆಯ ಮುಂದೆ ಕಾರು ನಿಲ್ಲಿಸಿದಾಗ ಅವರೂ ಇಳಿದರು. ತಡವಿಕೊಂಡು ಮೆಟ್ಟಿಲ ತನಕ ಬಂದು, ಚಪ್ಪಲಿ ಬಿಟ್ಟು, ಕೈ ಕಟ್ಟಿ ಅದೇ ಮಾತನ್ನು ನನಗೂ ಹೇಳಿದರು. ಒಂದು ಅಕ್ಷರ ಕಡಿಮೆ ಮಾಡಲಿಲ್ಲ.

"ನನಗೆ ಗೊತ್ತಿತ್ತು ಸಾರ್," ಅಂದೆ. "ಸ್ಕೂಲು ಮುಚ್ಚುವುದಕ್ಕೆ ಎರಡು ತಿಂಗಳ ಮುಂಚೆಯೇ ಗೊತ್ತಿತ್ತು. ಯಾರಿಗೂ ಹೇಳಲಿಲ್ಲ."

ಅವರು ಚಪ್ಪಲಿಗಾಗಿ ಕಾಲಿನಿಂದ ತಡವಿದರು. ಸಮಾಧಾನ ಹೇಳುತ್ತಾರೆ ಅಂದುಕೊಂಡಿದ್ದೆ. ನನಗೆ ಬೇಕಾಗಿದ್ದದ್ದು ಅದೇ. "ಅಂಗಾರೆ ಇನ್ನೊಂದ್ ಸುತ್ತು ಓಗ್ಬೇಕು ಮೇಡಮ್ಮೋರೆ," ಅಂದರು. "ಈ ಸಾರಿ ನೀವ್ ಯೋಳಿ. ನಾನ್ ಪಕ್ಕದಲ್ ನಿಂತಿರ್ತೀನಿ."

ಎರಡನೆಯ ಸುತ್ತು ಶುರು ಮಾಡಿದೆವು. ಅವರಿಗೆ ನನ್ನ ಮೇಲೆ ಕೋಪವಿದ್ದಂತೆ ಕಾಣಲಿಲ್ಲ. ದಾರಿಯುದ್ದಕ್ಕೂ ಹಳೇ ರೇಸುಗಳ ಮಾತೇ. ಮಗ್ಗದವರ ಮನೆಯಲ್ಲಿ ನನ್ನ ನಾಲಗೆ ತಡವರಿಸಿತು. ಹನೂರಿನಲ್ಲಿ ಸ್ವಲ್ಪ ಕಡಿಮೆ. ಪಕ್ಕದಲ್ಲಿ ಅವರು ಬರಿಗಾಲಲ್ಲಿ ನಿಂತಿದ್ದರು. ಮೂರು ಭಾನುವಾರ ಹೀಗಾಯಿತು. ನಾಲ್ಕನೆಯದಕ್ಕೆ ಮುಂಚೆ, ಒಂದು ಗುರುವಾರ ಮಧ್ಯಾಹ್ನ ಊಟ ಮಾಡಿ ಒರಗಿದವರು ಮತ್ತೆ ಏಳಲಿಲ್ಲ. ಮಣ್ಣಿಗೆ ಬಂದವರಲ್ಲಿ ಅವರಲ್ಲಿ ಕಲಿತವರೇ ಹೆಚ್ಚು. ರಸ್ತೆಯ ಬದಿಗೆ ಅಷ್ಟು ಅಚ್ಚುಕಟ್ಟಾಗಿ ನಿಂತ ಗಾಡಿಗಳನ್ನು ನಾನು ಕೊಳ್ಳೇಗಾಲದಲ್ಲಿ ನೋಡಿರಲಿಲ್ಲ.

ಉಳಿದ ಮನೆಗಳಿಗೆ ಒಬ್ಬಳೇ ಹೋದೆ. ಪೋಡನ್ನು ಕೊನೆಗೆ ಇಟ್ಟುಕೊಂಡಿದ್ದೆ, ಹೆದರಿಕೆಗೆ. ಅಂಗಳದಲ್ಲಿ ಕಾರು ನಿಲ್ಲಿಸಿದಾಗ ಸೀಗೆಕಾಯಿ ಹರವುತ್ತಿದ್ದ ಜೀಪಿನವರು ಎದ್ದು ಬಂದರು. ನನ್ನನ್ನು ಗುರುತು ಹಿಡಿದು, ಬಗ್ಗಿ ಕಾರಿನ ಎಡಗಡೆಯ ಸೀಟು ನೋಡಿದರು.

"ಸಾ ಬರ್ನಿಲ್ವಾ? ಅವತ್ತು ಒರಟಾಗಿ ಮಾತಾಡ್ಬುಟ್ಟೆ ಮೇಡಮ್. ನಾನೇ ಇಳ್ದು ಬಂದು ನೋಡ್ಬೇಕು ಅಂತಿದ್ದೆ."

ಸಾವಿನ ಸುದ್ದಿ ಬೆಟ್ಟಕ್ಕೆ ಇನ್ನೂ ಮುಟ್ಟಿರಲಿಲ್ಲ. ಹೇಳಬೇಕಾದದ್ದು ಒಂದೇ ಅಂದುಕೊಂಡು ಬಂದವಳ ಬಾಯಲ್ಲಿ ಈಗ ಎರಡಿದ್ದವು. ಸಾವನ್ನು ಮೊದಲು ಹೇಳಿದರೆ ಅವರು ಅಳುತ್ತಾರೆ, ಅಳುವವರು ನನ್ನನ್ನು ಬೈಯುವುದಿಲ್ಲ, ನಾನು ಸುಲಭವಾಗಿ ದಾಟಿಕೊಳ್ಳುತ್ತೇನೆ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಚಪ್ಪಲಿ ಬಿಟ್ಟು, ಕೈ ಕಟ್ಟಿ, ನನ್ನ ತಪ್ಪನ್ನೇ ಮೊದಲು ಹೇಳಿದೆ.